ಮೆಟಾಗೆ ಪತ್ರ ಬರೆದದ್ದಾಯಿತು, ಇನ್ನು ನಮ್ಮ ಬೀರು ತೆಗೆಯೋಣ: ಮಾಹಿತಿ ತಂತ್ರಜ್ಞಾನ ಸಚಿವರಿಗೆ ಬಹಿರಂಗ ಪತ್ರ

ಗೆ,
ಮಾನ್ಯ ಮಾಹಿತಿ ತಂತ್ರಜ್ಞಾನ ಸಚಿವರು,
ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು.

ವಿಷಯ: ಯಂತ್ರಕ್ಕೆ ಕನ್ನಡ ಬಾರದಿರುವ ಬಗ್ಗೆ, ಮತ್ತು ಅದಕ್ಕೆ ಕಲಿಸಬೇಕಾದ ಪಠ್ಯ ಸರ್ಕಾರಿ ಕಚೇರಿಗಳ ಬೀರುವಿನಲ್ಲೇ ಇರುವ ಬಗ್ಗೆ.

ಉಲ್ಲೇಖ: ವಾಟ್ಸಾಪಿನಲ್ಲಿ ಓಡಾಡಿದ ಸ್ಕ್ರೀನ್‌ಶಾಟ್.

ಮಾನ್ಯರೇ,

ನಟಿ ಬಿ. ಸರೋಜಾದೇವಿಯವರು 2025ರ ಜುಲೈ 14ರಂದು ತೀರಿಕೊಂಡರು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅಂತಿಮ ದರ್ಶನ ಪಡೆದ ಸುದ್ದಿಯನ್ನು ಅವರ ಕಚೇರಿ ಫೇಸ್‌ಬುಕ್ಕಿನಲ್ಲಿ ಕನ್ನಡದಲ್ಲಿ ಹಾಕಿತು. ಯಂತ್ರ ತಾನೇ ಮುಂದೆ ಬಿದ್ದು ಮಾಡಿದ ಇಂಗ್ಲಿಷ್ ಅನುವಾದದಲ್ಲಿ ತೀರಿಕೊಂಡವರು ಮುಖ್ಯಮಂತ್ರಿಗಳೇ. ತೀರಿಕೊಂಡ ಮೇಲೂ ಪಾರ್ಥಿವ ಶರೀರದ ದರ್ಶನ ಪಡೆದು ನಮನ ಸಲ್ಲಿಸಿ ಬಂದರಂತೆ. ಕರ್ತವ್ಯನಿಷ್ಠೆ ಎಂದರೆ ಇದು! ಮುಖ್ಯಮಂತ್ರಿಗಳ ಮಾಧ್ಯಮ ಸಲಹೆಗಾರರು ಫೇಸ್‌ಬುಕ್ಕಿನ ಒಡೆಯ ಮೆಟಾ ಕಂಪನಿಗೆ ಪತ್ರ ಬರೆದು, ಕನ್ನಡ ಸರಿಹೋಗುವ ತನಕ ಈ ತನ್ನಿಂತಾನೇ ಅನುವಾದಿಸುವ ಚಾಳಿ ನಿಲ್ಲಿಸಿ ಎಂದರು. ಮೆಟಾ ಕ್ಷಮೆ ಕೇಳಿತು, ಸರಿಪಡಿಸಿದ್ದೇವೆ ಎಂದಿತು. ಅಲ್ಲಿಗೆ ಕಡತ ಮುಚ್ಚಿತು.

ಅಷ್ಟು ಬೇಗ ಮುಚ್ಚಬಾರದಿತ್ತು. ಆ ಇಂಗ್ಲಿಷ್ ವಾಕ್ಯವನ್ನು ಬಿಚ್ಚಿ ನೋಡಿದರೆ ಯಂತ್ರ ಎಲ್ಲೆಲ್ಲಿ ಎಡವಿತು ಎನ್ನುವುದರ ಹೆಜ್ಜೆಗುರುತು ಹಾಗೇ ಇದೆ. ಕನ್ನಡದ ಮೂಲ ಹೆಚ್ಚುಕಡಿಮೆ ಈ ಧಾಟಿಯದು: ಮುಖ್ಯಮಂತ್ರಿಗಳು ನಿನ್ನೆ ನಿಧನರಾದ ಹಿರಿಯ ನಟಿ ಬಿ. ಸರೋಜಾದೇವಿ ಅವರ ಅಂತಿಮ ದರ್ಶನ ಪಡೆದರು. ಇಲ್ಲಿ ‘ನಿಧನರಾದ’ ಎನ್ನುವುದು ಕ್ರಿಯಾಪದವಲ್ಲ, ಕ್ರಿಯೆಯಿಂದ ಹುಟ್ಟಿದ ವಿಶೇಷಣ, ಅಂದರೆ ಕೃದಂತ. ಕನ್ನಡದಲ್ಲಿ ಇಂಥ ಪದ ಯಾವಾಗಲೂ ತನ್ನ ಬಲಕ್ಕೆ ಬರುವ ನಾಮಪದಕ್ಕೆ ಅಂಟಿಕೊಳ್ಳುತ್ತದೆ, ಎಡಕ್ಕೆ ತಿರುಗಿ ನೋಡುವುದಿಲ್ಲ. ‘ನಿಧನರಾದ’ ಮತ್ತು ‘ನಿಧನರಾದರು’ ಎರಡರ ನಡುವೆ ಇರುವುದು ಒಂದೇ ಒಂದು ‘ರು’. ಸಾವು ಬದುಕಿನ ಪ್ರಶ್ನೆ ಎನ್ನುತ್ತಾರಲ್ಲ, ಇಲ್ಲಿ ನಿಜವಾಗಿಯೂ ಅದು ಆ ‘ರು’ವಿನ ಮೇಲೆ ನಿಂತಿತ್ತು. ಇಂಗ್ಲಿಷಿನಲ್ಲಿ ಕರ್ತೃವಿನ ಬೆನ್ನಿಗೇ ಕ್ರಿಯಾಪದ ಬರುತ್ತದೆ. ಕನ್ನಡದಲ್ಲಿ ಕರ್ತೃ ಮೊದಲ ಬೆಂಚಿನಲ್ಲಿ ಕುಳಿತರೆ ಕ್ರಿಯಾಪದ ಕೊನೆಯ ಬೆಂಚಿನಲ್ಲಿ. ಯಂತ್ರ ಕರ್ತೃವನ್ನು ಕಂಡಿತು, ಪಕ್ಕದಲ್ಲೇ ಸಾವಿನ ಪದ ಕಂಡಿತು, ಎರಡನ್ನೂ ಗಂಟು ಹಾಕಿತು.

ಎರಡನೆಯ ಎಡವಟ್ಟು ಇನ್ನೂ ಮಜವಾಗಿದೆ. ‘ಬಿ.’ ಎಂಬ ಇನಿಷಿಯಲ್ಲಿನ ಚುಕ್ಕಿಯನ್ನು ಯಂತ್ರ ಪೂರ್ಣವಿರಾಮ ಎಂದುಕೊಂಡಿತು. ‘ಹಿರಿಯ ನಟಿ ಬಿ’ ಎಂದು ಒಂದು ವಾಕ್ಯ ಮುಗಿಸಿ, ‘ಸರೋಜಾದೇವಿ’ಯಿಂದಾಚೆಗೆ ಇನ್ನೊಂದನ್ನು ಶುರು ಮಾಡಿತು. ಅಪ್ಪನ ಹೆಸರು, ಊರ ಹೆಸರು, ಕೆಲವೊಮ್ಮೆ ಎರಡನ್ನೂ ಚುಕ್ಕಿ ಇಟ್ಟು ಹೆಸರಿನ ಮುಂದೆ ಹೊತ್ತು ತಿರುಗುವ ನಾಡು ನಮ್ಮದು. ಈ ಲೆಕ್ಕದಲ್ಲಿ ಎಂ. ವಿಶ್ವೇಶ್ವರಯ್ಯನವರೂ ‘ಎಂ’ಗೇ ಮುಗಿದು ಹೋಗುತ್ತಾರೆ.

ಹಾಗಾದರೆ ಯಂತ್ರಕ್ಕೆ ಅರ್ಥವಾಗುವಂತೆ ನಾವೇ ವಾಕ್ಯ ತಿದ್ದಿಕೊಳ್ಳಬೇಕೇ? ಕರ್ತೃವನ್ನು ಹಿಂದಕ್ಕೆ ತಳ್ಳಿ ‘ನಿನ್ನೆ ನಿಧನರಾದ ನಟಿಯ ಅಂತಿಮ ದರ್ಶನವನ್ನು ಮುಖ್ಯಮಂತ್ರಿಗಳು ಪಡೆದರು’ ಎಂದು ಬರೆದರೆ ಅಪಾಯ ಕಡಿಮೆ, ಓದುವವರಿಗೂ ಸಲೀಸು. ನಿಮ್ಮ ಪತ್ರಿಕಾ ಹೇಳಿಕೆ ಬರೆಯುವವರಿಗೆ ಇಷ್ಟನ್ನು ಧಾರಾಳವಾಗಿ ಹೇಳಿಕೊಡಬಹುದು. ಆದರೆ ಅದು ಹೆಚ್ಚೆಂದರೆ ಮನೆಮದ್ದು. ಯಂತ್ರಕ್ಕೆ ವ್ಯಾಕರಣವನ್ನು ಯಾರೂ ಪಾಠ ಮಾಡಿರುವುದಿಲ್ಲ. ಅದು ಲಕ್ಷಾಂತರ ವಾಕ್ಯಗಳನ್ನು ಓದಿ ಓದಿ ರೂಢಿ ಮಾಡಿಕೊಳ್ಳುತ್ತದೆ. ಮೆಟಾ 2022ರಲ್ಲಿ 200 ಭಾಷೆಗಳ ಅನುವಾದ ಮಾದರಿಯೊಂದನ್ನು ಹೊರತಂದಿತು, ಅದರಲ್ಲಿ ಕನ್ನಡವೂ ಇದೆ. ಅಂಥ ಮಾದರಿಗಳ ಪಾಠದ ದೊಡ್ಡ ಪಾಲು ಜಾಲತಾಣಗಳಿಂದ ಹೆಕ್ಕಿ, ಇಂಗ್ಲಿಷಿನ ಜೊತೆ ಜೋಡಿ ಮಾಡಿದ ವಾಕ್ಯಗಳು. ಜಾಲದಲ್ಲಿ ಸಿಗುವಂತೆ ಇದ್ದರೆ ತಾನೇ ಹೆಕ್ಕುವುದು?

ನಮ್ಮ ಅಹವಾಲು ಇರುವುದು ಇಲ್ಲೇ. ದಿನಬೆಳಗಾದರೆ ಕನ್ನಡದಲ್ಲಿ ಬರೆಯುವ ಅತಿ ದೊಡ್ಡ ಸಂಸ್ಥೆ ಯಾವ ಪತ್ರಿಕೆಯೂ ಅಲ್ಲ, ಸರ್ಕಾರ. ಆದೇಶ, ಸುತ್ತೋಲೆ, ರಾಜ್ಯಪತ್ರ, ಸದನದ ನಡಾವಳಿ, ಟೆಂಡರ್ ಪ್ರಕಟಣೆ, ಗ್ರಾಮ ಪಂಚಾಯಿತಿಯ ತಿಳಿವಳಿಕೆ ಪತ್ರ. ಇಷ್ಟು ಬರೆದೂ ಯಂತ್ರದ ಕಣ್ಣಿಗೆ ಅದರಲ್ಲಿ ದೊಡ್ಡ ಪಾಲು ಕನ್ನಡವೇ ಅಲ್ಲ.

ಹಾಗೆಂದರೇನು ಎನ್ನುವುದನ್ನು ಒಂದೇ ಪದದಲ್ಲಿ ತೋರಿಸುತ್ತೇವೆ. ‘ನುಡಿ 01 ಇ’ ಎಂಬ ಹಳೆಯ ಕನ್ನಡ ಫಾಂಟಿನಲ್ಲಿ ಬೆರಳಚ್ಚು ಮಾಡಿದ ‘ಕನ್ನಡ’ ಎಂಬ ಪದವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆಯಿರಿ. ಕಾಣುವುದು ಇದು: ಇಂಗ್ಲಿಷಿನ ಪಿ, ತಲೆಯ ಮೇಲೆ ಓರೆಗೆರೆ ಇರುವ ಎ, ಬ್ರಿಟಿಷರ ಪೌಂಡ್ ಚಿಹ್ನೆ, ಮತ್ತೆ ಅದೇ ಓರೆಗೆರೆಯ ಎ, ಜರ್ಮನ್ನರ ಜೋಡಿ ಎಸ್, ಇಂಗ್ಲಿಷಿನ ಕ್ಯೂ, ಕೊನೆಗೆ ಇನ್ನೊಮ್ಮೆ ಓರೆಗೆರೆಯ ಎ. ಒಟ್ಟು ಏಳು ಚಿಹ್ನೆ, ಒಂದೂ ಕನ್ನಡದ್ದಲ್ಲ. ‘ಸರ್ಕಾರ’ದ ಸ್ಥಿತಿ ಇನ್ನೂ ಅಂತರರಾಷ್ಟ್ರೀಯ: ಅದರ ಅರ್ಕಾವತ್ತು ಐಸ್ಲೆಂಡಿನವರ ‘ಎಥ್’ ಎಂಬ ಅಕ್ಷರದ ಮೇಲೆ ಕುಳಿತಿದೆ, ‘ಸ’ ಶುರುವಾಗುವುದು ಫ್ರೆಂಚರು ಸಿ ಅಕ್ಷರಕ್ಕೆ ಅಂಟಿಸುವ ಬಾಲದಿಂದ. ಫಾಂಟ್ ಎಂಬ ಮುಖವಾಡ ಹಾಕಿದಾಗ ಮಾತ್ರ ಇದು ಕನ್ನಡದಂತೆ ಕಾಣುತ್ತದೆ. ಹುಡುಕಾಟದ ಯಂತ್ರ, ಅನುವಾದದ ಯಂತ್ರ, ಕೃತಕ ಬುದ್ಧಿಮತ್ತೆ, ಯಾವುದೂ ಮುಖವಾಡ ನೋಡುವುದಿಲ್ಲ. ಒಳಗಿನ ಸಂಕೇತವನ್ನು ಓದುತ್ತವೆ.

ಅಂಧರ ಗತಿ ಯೋಚಿಸಿ. ಎನ್‌ವಿಡಿಎ ಎಂಬ ಪುಕ್ಕಟೆ ಪರದೆ ಓದುಗ ತಂತ್ರಾಂಶ ಯೂನಿಕೋಡ್ ಕನ್ನಡವನ್ನು, ಅಂದರೆ ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಕೇತ ಇರುವ ಜಾಗತಿಕ ಕ್ರಮದಲ್ಲಿ ಬರೆದ ಕನ್ನಡವನ್ನು, ಜೋರಾಗಿ ಓದಿ ಹೇಳುತ್ತದೆ. ಅದರ ಮುಂದೆ ಅಂಗವಿಕಲರ ಪಿಂಚಣಿಯ ಸುತ್ತೋಲೆಯನ್ನೇ ನುಡಿ ಫಾಂಟಿನಲ್ಲಿ ಇಟ್ಟರೆ ಅದಕ್ಕೆ ಸಿಗುವುದು ಪಿ, ಪೌಂಡು, ಕ್ಯೂ.

ಇದರಲ್ಲಿ ನುಡಿ ಮಾಡಿದವರ ತಪ್ಪು ಹುಡುಕಬೇಡಿ. ಕಂಪ್ಯೂಟರಿಗೆ ಇಂಗ್ಲಿಷಿನ ಮನೆಗಳು ಬಿಟ್ಟು ಬೇರೆ ಮನೆಯೇ ಗೊತ್ತಿಲ್ಲದ ಕಾಲದಲ್ಲಿ ಅವೇ ಮನೆಗಳಲ್ಲಿ ಕನ್ನಡದ ಚೂರುಗಳನ್ನು ಬಾಡಿಗೆಗೆ ಇಟ್ಟದ್ದು ಜಾಣತನವೇ. ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇಲ್ಲದಿದ್ದರೆ ಸರ್ಕಾರಿ ಕಚೇರಿಗಳಲ್ಲಿ ಕನ್ನಡ ಕಂಪ್ಯೂಟರಿಗೆ ಹತ್ತುತ್ತಲೇ ಇರಲಿಲ್ಲ. ಆದರೆ ಯೂನಿಕೋಡ್ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳ ಸ್ವಂತ ಬೀದಿ ಕೊಟ್ಟಿದೆ. 2001ರ ವಿಂಡೋಸ್ ಎಕ್ಸ್‌ಪಿಯಲ್ಲೇ ತುಂಗಾ ಎಂಬ ಯೂನಿಕೋಡ್ ಫಾಂಟ್ ಬಂದಿತ್ತು. ಸ್ವಂತ ಮನೆ ಕಟ್ಟಿ ಇಷ್ಟು ವರ್ಷವಾದರೂ ಬಾಡಿಗೆ ಮನೆ ಬಿಡದಿರುವುದಕ್ಕೆ ಬೇರೆ ಕಾರಣಗಳಿವೆ. ದೊಡ್ಡ ಕಾರಣ ಡಿಟಿಪಿ, ಅಂದರೆ ಅಚ್ಚಿಗೆ ಹೋಗುವ ಪುಟಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವ ಕೆಲಸ. 2001ರಲ್ಲಿ ಕೊನೆಯ ಆವೃತ್ತಿ ಕಂಡ ಪೇಜ್‌ಮೇಕರ್ ಎಂಬ ಪುಟ ಜೋಡಿಸುವ ತಂತ್ರಾಂಶ ಯೂನಿಕೋಡ್ ಕನ್ನಡವನ್ನು ಜೋಡಿಸಲಾರದು. ಒತ್ತಕ್ಷರಗಳು ಬಿಡಿಬಿಡಿಯಾಗಿ ಬೀಳುತ್ತವೆ. ಮುದ್ರಣಾಲಯ ಪೇಜ್‌ಮೇಕರ್ ಬಿಡಲಿಲ್ಲ, ಆದ್ದರಿಂದ ಕಚೇರಿ ಹಳೆಯ ಫಾಂಟ್ ಬಿಡಲಿಲ್ಲ.

ಇನ್ನೊಂದು ಕಾರಣ ಹೇಳುತ್ತಾರೆ, ‘ನಮ್ಮ ಬೆರಳಚ್ಚುಗಾರರಿಗೆ ಯೂನಿಕೋಡ್ ಬರುವುದಿಲ್ಲ’ ಎಂದು. ಇದು ಶುದ್ಧ ನೆಪ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ ‘ಕನ್ನಡ’ ಎಂದು ಬರೆಯಲು ಒತ್ತುವುದು ಐದು ಕೀಲಿ: ಕೆ, ಎನ್, ಎಫ್, ಎನ್, ಡಬ್ಲ್ಯು. ಎಫ್ ಎಂದರೆ ಅರ್ಧಾಕ್ಷರ. ಹಳೆಯ ಫಾಂಟಿಗೂ ಅದೇ ಐದು, ಯೂನಿಕೋಡಿಗೂ ಅದೇ ಐದು. ಈಗಿನ ನುಡಿ ತಂತ್ರಾಂಶದಲ್ಲಿ ಯೂನಿಕೋಡ್ ಆಯ್ಕೆಯೂ ಇದೆ. ಅದನ್ನು ಒತ್ತಿದರೆ ಮುಗಿಯಿತು, ಬೆರಳಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಇದಕ್ಕೆ ಮೂರು ದಿನದ ತರಬೇತಿ ಶಿಬಿರ, ಊಟ, ಬ್ಯಾಗು, ಫೈಲು ಎಲ್ಲ ಬೇಡ.

ಯೂನಿಕೋಡಿನಲ್ಲೇ ಬೆರಳಚ್ಚಾದ ಆದೇಶವೂ ಸಾರ್ವಜನಿಕರ ಕೈಗೆ ಬರುವಷ್ಟರಲ್ಲಿ ಸಾಯುತ್ತದೆ. ಆ ಪ್ರಯಾಣ ನೋಡಿ. ಕಂಪ್ಯೂಟರಿನಲ್ಲಿ ಅಚ್ಚುಕಟ್ಟಾಗಿ ಬರೆದದ್ದನ್ನು ಎ4 ಹಾಳೆಗೆ ಇಳಿಸುತ್ತಾರೆ. ಸಾಹೇಬರ ಸಹಿ ಬೀಳುತ್ತದೆ, ಮೇಲೆ ಮೊಹರು, ಅದೂ ಸರಿಯಾಗಿ ಮುಖ್ಯ ಸಾಲಿನ ಮೇಲೆಯೇ. ಆಮೇಲೆ ಅದರ ಜೆರಾಕ್ಸ್. ಆ ಜೆರಾಕ್ಸನ್ನು ಸ್ವಲ್ಪ ಓರೆಯಾಗಿ ಸ್ಕ್ಯಾನ್ ಮಾಡಿ, ಸ್ಕ್ಯಾನರ್ ತಾನಾಗಿ ಕೊಟ್ಟ ಅಂಕಿಗಳ ಹೆಸರಿನಲ್ಲೇ ಜಾಲತಾಣಕ್ಕೆ ಏರಿಸುತ್ತಾರೆ. ಹೊರಟದ್ದು ಪಠ್ಯ, ತಲುಪಿದ್ದು ಫೋಟೋ. ಆದೇಶದ ಮೊದಲ ಪುಟದಲ್ಲಿ ‘ಓದಲಾಗಿದೆ’ ಎಂಬ ಶೀರ್ಷಿಕೆ ಇರುತ್ತದಲ್ಲ, ಅದೊಂದೇ ತಮಾಷೆ.

ನಿಮಗೆ ಎರಡು ನಿಮಿಷ ಬಿಡುವಾದಾಗ ನೀವೇ ಪರೀಕ್ಷಿಸಬಹುದು. ಯಾವುದಾದರೂ ಇಲಾಖೆಯ ಕಳೆದ ತಿಂಗಳ ಹತ್ತು ಸುತ್ತೋಲೆ ತೆರೆಯಿರಿ. ಪುಟದೊಳಗೆ ಪದ ಹುಡುಕುವ ಕಂಟ್ರೋಲ್ ಎಫ್ ಒತ್ತಿ ‘ಕರ್ನಾಟಕ’ ಎಂದು ಬೆರಳಚ್ಚಿಸಿ. ತಲೆಬರಹದಲ್ಲೇ ಕರ್ನಾಟಕ ಸರ್ಕಾರ ಎಂದು ಇರುವ ಕಾಗದದಲ್ಲಿ ಕರ್ನಾಟಕ ಸಿಗದಿದ್ದರೆ ಆ ಕಾಗದ ಜಾಲದ ಪಾಲಿಗೆ ಇಲ್ಲ. ಸ್ಕ್ಯಾನ್ ಅಲ್ಲದೆ ನೇರವಾಗಿ ಪಿಡಿಎಫ್ ಮಾಡಿದ್ದರೂ ಪೂರ್ತಿ ನಂಬಬೇಡಿ: ಒಂದು ಸಾಲನ್ನು ನಕಲು ಮಾಡಿ ಬೇರೆ ಕಡೆ ಅಂಟಿಸಿ ನೋಡಿ. ಪಿಡಿಎಫ್ ನೆನಪಿಟ್ಟುಕೊಳ್ಳುವುದು ಅಕ್ಷರಗಳನ್ನಲ್ಲ, ಹಾಳೆಯ ಮೇಲೆ ಬಿದ್ದ ಆಕಾರಗಳನ್ನು. ಕನ್ನಡದಲ್ಲಿ ಆಕಾರದ ಕ್ರಮವೂ ಉಚ್ಚಾರದ ಕ್ರಮವೂ ಒಂದೇ ಅಲ್ಲವಾದ್ದರಿಂದ ಒತ್ತುಗಳು, ಸ್ವರ ಚಿಹ್ನೆಗಳು ಅದಲುಬದಲಾಗಿ ಹೊರಬರುತ್ತವೆ. ಆದ್ದರಿಂದ ಪಿಡಿಎಫ್ ಜೊತೆಗೆ ಅದೇ ಪಠ್ಯವನ್ನು ಸಾದಾ ವೆಬ್ ಪುಟವಾಗಿಯೋ ಮೂಲ ವರ್ಡ್ ಕಡತವಾಗಿಯೋ ಹಾಕಲೇಬೇಕು.

ಹಳೆಯದನ್ನು ಯೂನಿಕೋಡಿಗೆ ತರುವುದಕ್ಕೆ ಪರಿವರ್ತಕಗಳಿವೆ, ಪುಕ್ಕಟೆಯಾಗಿಯೂ ಸಿಗುತ್ತವೆ. ಆದರೆ ‘ಸೆಲೆಕ್ಟ್ ಆಲ್, ಕನ್ವರ್ಟ್’ ಎಂದು ಒತ್ತಿ ಕೈತೊಳೆದುಕೊಂಡರೆ ಆಗುವ ಅನಾಹುತಗಳು ನಮಗೆ ಚೆನ್ನಾಗಿ ಗೊತ್ತು. ಮೊದಲನೆಯದು ಬೆರಕೆ ಕಡತ. ಒಂದೇ ಪುಟದಲ್ಲಿ ಕನ್ನಡ ನುಡಿಯಲ್ಲಿ, ಕಂಪನಿಯ ಹೆಸರು ಟೈಮ್ಸ್ ನ್ಯೂ ರೋಮನ್ನಿನಲ್ಲಿ ಇರುತ್ತದೆ. ಪರಿವರ್ತಕಕ್ಕೆ ಎರಡೂ ಇಂಗ್ಲಿಷ್ ಸಂಕೇತಗಳೇ, ಹಾಗಾಗಿ ಕಂಪನಿಯ ಹೆಸರೂ ಅರ್ಥವಿಲ್ಲದ ಕನ್ನಡವಾಗುತ್ತದೆ. ಫಾಂಟ್ ಯಾವುದೆಂದು ತುಣುಕು ತುಣುಕಾಗಿ ನೋಡಿ, ನುಡಿ ಇರುವ ತುಣುಕನ್ನು ಮಾತ್ರ ಪರಿವರ್ತಿಸಬೇಕು. ಎಕ್ಸೆಲ್ ಹಾಳೆಯಾದರೆ ಒಂದೊಂದು ಕಾಲಮ್ಮಿನ ಫಾಂಟ್ ನೋಡಿ ಮುಂದುವರಿಯಿರಿ.

ಎರಡನೆಯದು ಅರ್ಕಾವತ್ತು, ಪರಿವರ್ತಕಗಳ ಅಗ್ನಿಪರೀಕ್ಷೆ. ಬಾಯಲ್ಲಿ ‘ರ್’ ಮೊದಲು ಬರುತ್ತದೆ, ಹಾಳೆಯಲ್ಲಿ ಕೊನೆಗೆ ಕೂರುತ್ತದೆ. ಹಳೆಯ ಫಾಂಟ್ ಹಾಳೆಯ ಕ್ರಮದಲ್ಲಿ ಇಡುತ್ತದೆ, ಯೂನಿಕೋಡ್ ಬಾಯಿಯ ಕ್ರಮದಲ್ಲಿ. ಪರಿವರ್ತಕ ಆ ಅರ್ಕಾವತ್ತನ್ನು ಎತ್ತಿಕೊಂಡು ಸ್ವರಚಿಹ್ನೆ, ಒತ್ತು, ಮೂಲ ವ್ಯಂಜನ ಎಲ್ಲವನ್ನೂ ಹಿಂದಕ್ಕೆ ಹಾರಿ ಕೂರಿಸಬೇಕು. ಅರ್ಧಕ್ಕೇ ಇಳಿದುಬಿಟ್ಟರೆ ‘ಸಾಮರ್ಥ್ಯ’ ಹೋಗಿ ‘ಸಾಮಥ್ರ್ಯ’ ಆಗುತ್ತದೆ. ಜಾಲದಲ್ಲಿ ‘ಸಾಮಥ್ರ್ಯ’ ಎಂದು ಹುಡುಕಿ ನೋಡಿ, ಎಷ್ಟು ಕಡೆ ಸಿಗುತ್ತದೆ ಎಂದು. ಅರ್ಕಾವತ್ತು ಬಿದ್ದೇ ಹೋದರೆ ‘ಕನಾಟಕ’. ನಾಟಕ ಉಳಿಯುತ್ತದೆ, ಅಷ್ಟೇ ಸಮಾಧಾನ.

ಫೋಟೋ ಆಗಿರುವ ಹಳೆಯ ಕಡತಗಳಿಗೆ ಓಸಿಆರ್, ಅಂದರೆ ಚಿತ್ರದಲ್ಲಿನ ಅಕ್ಷರ ಗುರುತಿಸಿ ಪಠ್ಯ ಮಾಡಿಕೊಡುವ ತಂತ್ರಾಂಶ ಬೇಕು. ಟೆಸರಾಕ್ಟ್ ಎಂಬ ಮುಕ್ತ ತಂತ್ರಾಂಶದಲ್ಲಿ ಕನ್ನಡಕ್ಕೆ ಮಾದರಿ ಇದೆ. 300 ಡಿಪಿಐಗಿಂತ (ಇಂಚಿಗೆ 300 ಚುಕ್ಕಿಗಿಂತ) ಕಡಿಮೆ ಸ್ಕ್ಯಾನ್ ಕೊಟ್ಟು ಅದನ್ನು ಬೈಯಬೇಡಿ. ಹಾಳೆ ಓರೆಯಾಗಿದ್ದರೆ ಮೊದಲು ನೇರ ಮಾಡಿ, ಇಲ್ಲದಿದ್ದರೆ ಸಾಲಿನ ಕೆಳಗೆ ನೇತಾಡುವ ಒತ್ತಕ್ಷರಗಳು ಮುಂದಿನ ಸಾಲಿನ ಪಾಲಾಗುತ್ತವೆ ಅಥವಾ ಕಸವೆಂದು ಮಾಯವಾಗುತ್ತವೆ. ಸೀಳು ಮಸುಕಾದ ‘ಧ’ ‘ದ’ ಆಗುತ್ತದೆ, ಚುಕ್ಕಿ ಹೂತುಹೋದ ‘ಥ’ವೂ ಅಲ್ಲಿಗೇ ಬರುತ್ತದೆ. ವಿಧಾನಸೌಧ ವಿದಾನಸೌದ ಆಗುವುದು ಹೀಗೆ. ಆದ್ದರಿಂದ ಪ್ರತಿ ನೂರು ಪುಟಕ್ಕೆ ಐದನ್ನಾದರೂ ಮನುಷ್ಯರೊಬ್ಬರು ಮೂಲದ ಜೊತೆ ಅಕ್ಷರ ಅಕ್ಷರ ಹಿಡಿದು ನೋಡಬೇಕು.

ಇನ್ನು ಸೊನ್ನೆಯ ವಿಚಾರ. ಇದು ನೋಡಲು ಕ್ಷುಲ್ಲಕ, ಮಾಡುವ ಹಾನಿ ಕ್ಷುಲ್ಲಕವಲ್ಲ. ‘ಬೆಂಗಳೂರು’ ಮತ್ತು ‘ಬೆ೦ಗಳೂರು’ ಎರಡನ್ನೂ ನೋಡಿ. ಮೊದಲನೆಯದರಲ್ಲಿ ಇರುವುದು ಅನುಸ್ವಾರ, ಎರಡನೆಯದರಲ್ಲಿ ಕನ್ನಡದ ಅಂಕಿ ಸೊನ್ನೆ. ಕಣ್ಣಿಗೆ ಒಂದೇ, ಯಂತ್ರಕ್ಕೆ ಎರಡು ಬೇರೆ ಊರು. ಪಟ್ಟಿಯಲ್ಲಿ ಹುಡುಕಿದರೆ ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ. ಗಂಗಮ್ಮ, ಶಂಕರಪ್ಪ, ವೆಂಕಟೇಶ್, ಮಂಜುಳಾ: ನಮ್ಮ ಹೆಸರುಗಳಲ್ಲಿ ಅನುಸ್ವಾರಕ್ಕೆ ಬರವೇ? ಪಹಣಿಯಲ್ಲೊಂದು, ಪಡಿತರ ಚೀಟಿಯಲ್ಲೊಂದು ಇದ್ದರೆ ಕಂಪ್ಯೂಟರ್ ‘ಹೆಸರು ತಾಳೆಯಾಗುತ್ತಿಲ್ಲ’ ಎನ್ನುತ್ತದೆ, ಗುಮಾಸ್ತರು ಕಣ್ಣಿಗೆ ಕಂಡದ್ದನ್ನು ನೋಡಿ ‘ಸರಿಯಾಗೇ ಇದೆಯಲ್ಲ’ ಎನ್ನುತ್ತಾರೆ, ಗಂಗಮ್ಮ ಇಬ್ಬರ ನಡುವೆ ಅಫಿಡವಿಟ್ ಮಾಡಿಸಲು ನಿಲ್ಲುತ್ತಾಳೆ. ಪರಿಹಾರ ಎರಡು ಸಾಲಿನ ಪ್ರೋಗ್ರಾಂ: ಕನ್ನಡ ಅಕ್ಷರದ ಬೆನ್ನಿಗೇ ಕನ್ನಡದ ಸೊನ್ನೆ ಬಂದರೆ ಅದನ್ನು ಅನುಸ್ವಾರ ಮಾಡು, ಎರಡು ಅಂಕಿಗಳ ನಡುವೆ ಅನುಸ್ವಾರ ಕಂಡರೆ ಅದನ್ನು ಸೊನ್ನೆ ಮಾಡು. ಅರ್ಜಿಯ ಪೆಟ್ಟಿಗೆಯಲ್ಲೇ, ‘ಸಲ್ಲಿಸಿ’ ಒತ್ತುವ ಮೊದಲೇ ಇದು ನಡೆಯಬೇಕು. ದತ್ತಾಂಶದೊಳಗೆ ಒಮ್ಮೆ ಹೊಕ್ಕ ಮೇಲೆ ಹೆಕ್ಕುವುದು ಅಕ್ಕಿಯಲ್ಲಿ ಬಿಳಿ ಕಲ್ಲು ಆರಿಸಿದ ಹಾಗೆ.

ಕಣ್ಣಿಗೇ ಕಾಣದ ಅಕ್ಷರಗಳೂ ಇವೆ ಸ್ವಾಮಿ. ‘ಫೇಸ್‌ಬುಕ್’ ಎಂದು ಬರೆಯುವಾಗ ‘ಸ್’ ಕೆಳಗೆ ‘ಬ’ ಒತ್ತಾಗಿ ಇಳಿಯದಿರಲಿ ಎಂದು ನಡುವೆ ಅಗಲವಿಲ್ಲದ ಒಂದು ತಡೆ ಇಡುತ್ತೇವೆ. ‘ಸೂರ್ಯ’ದಲ್ಲಿ ಅರ್ಕಾವತ್ತು ಬೇಕು, ‘ರ‍್ಯಾಂಕ್’ನಲ್ಲಿ ಬೇಡ, ಅದಕ್ಕೆ ಇನ್ನೊಂದು ಅದೃಶ್ಯ ಕೊಂಡಿ. ಒಬ್ಬರು ಇಟ್ಟು ಬರೆಯುತ್ತಾರೆ, ಇನ್ನೊಬ್ಬರು ಇಡದೆ. ಹುಡುಕುವಾಗ ಎರಡೂ ಬದಿಯ ಅದೃಶ್ಯ ಚಿಹ್ನೆಗಳನ್ನು ಬಿಟ್ಟು ಹೋಲಿಸಿದರೆ ಸಾಕು, ತೋರಿಸುವಾಗ ಇದ್ದಂತೆಯೇ ತೋರಿಸಿ. ಹಾಗೆಯೇ ‘ಕೊ’ದ ಸ್ವರವನ್ನು ಒಂದೇ ಚಿಹ್ನೆಯಾಗಿಯೂ, ಎತ್ವ ಮತ್ತು ಊಕಾರ ಎರಡಾಗಿಯೂ ಕೂಡಿಸಬಹುದು. ಯೂನಿಕೋಡಿನ ಎನ್‌ಎಫ್‌ಸಿ ಎಂಬ ಕ್ರಮ ಎರಡನ್ನೂ ಒಂದೇ ರೂಪಕ್ಕೆ ತರುತ್ತದೆ. ಇವೆಲ್ಲ ತಂತ್ರಾಂಶ ಬರೆಯುವ ಹುಡುಗರಿಗೆ ಅರ್ಧ ದಿನದ ಕೆಲಸ. ಟೆಂಡರಿನಲ್ಲಿ ಬರೆದಿಲ್ಲವಾದ್ದರಿಂದ ಅವರು ಮಾಡುವುದಿಲ್ಲ, ಮಾಡಿದರೂ ಬಿಲ್ ಆಗುವುದಿಲ್ಲ.

ಇಷ್ಟೆಲ್ಲ ಕಷ್ಟಪಟ್ಟರೆ ಏನು ಲಾಭ ಎಂದು ಹಣಕಾಸು ಇಲಾಖೆ ಕೇಳೇ ಕೇಳುತ್ತದೆ. ಉತ್ತರ ಕೆನಡಾದಲ್ಲಿದೆ. ಐಬಿಎಂ ಸಂಶೋಧಕರು 1980ರ ದಶಕದ ಕೊನೆಯಲ್ಲಿ ಅಂಕಿಅಂಶದ ಲೆಕ್ಕಾಚಾರದಿಂದ ಅನುವಾದ ಮಾಡುವುದನ್ನು ಯಂತ್ರಕ್ಕೆ ಕಲಿಸಲು ಹೊರಟಾಗ ಪಠ್ಯಪುಸ್ತಕ ಮಾಡಿಕೊಂಡದ್ದು ಕೆನಡಾ ಸಂಸತ್ತಿನ ನಡಾವಳಿಯನ್ನು. ಅದು ಇಂಗ್ಲಿಷ್, ಫ್ರೆಂಚ್ ಎರಡರಲ್ಲೂ ಇತ್ತು, ಯಂತ್ರ ಓದುವ ರೂಪದಲ್ಲಿ ಇತ್ತು. ಯುರೋಪಿನ ಸಂಸತ್ತಿನ ನಡಾವಳಿಯಿಂದ ಫಿಲಿಪ್ ಕೋನ್ ಅವರು ಕಟ್ಟಿದ ‘ಯುರೋಪಾರ್ಲ್’ ಅಲ್ಲಿನ ಭಾಷೆಗಳ ಅನುವಾದ ಸಂಶೋಧನೆಗೆ ವರ್ಷಗಟ್ಟಲೆ ಅನ್ನ ಹಾಕಿತು. ರಾಜಕಾರಣಿಗಳ ಜಗಳ ಭಾಷೆಗೆ ಇಷ್ಟು ಉಪಕಾರ ಮಾಡೀತೆಂದು ಯಾರಿಗೆ ಗೊತ್ತಿತ್ತು? ನಮ್ಮ ಸದನದಲ್ಲಿ ಜಗಳಕ್ಕೇನೂ ಕೊರತೆಯಿಲ್ಲ. ಬಜೆಟ್ ಭಾಷಣ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರುತ್ತದೆ, ಕಂಡಿಕೆಗೆ ಕಂಡಿಕೆ ತಾಳೆಯಾಗುವಂತೆ. ಅಧಿನಿಯಮಗಳೂ ಎರಡರಲ್ಲೂ ಇವೆ. ‘ಮೃತಪಟ್ಟ ನೌಕರನ ಅವಲಂಬಿತರು’, ‘ನಿವೃತ್ತರಾದ ಅಧಿಕಾರಿಗಳು’, ‘ಭೂಮಿ ಕಳೆದುಕೊಂಡ ರೈತರು’: ಯಂತ್ರವನ್ನು ಬೀಳಿಸಿದ ಕೃದಂತಗಳೇ ಸರ್ಕಾರಿ ಕನ್ನಡದಲ್ಲಿ ಸಾಲುಸಾಲು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಇದಕ್ಕೇ ಇರಬೇಕು.

ಜನ ತಮ್ಮ ಪಾಲಿನದನ್ನು ಮಾಡಿದ್ದಾರೆ. ವಿ. ಕೃಷ್ಣ ಅವರು ನಾಲ್ಕು ದಶಕ ಕೂತು ಕಟ್ಟಿದ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟು, ಸುಮಾರು ಒಂದೂವರೆ ಲಕ್ಷ ಪದಗಳೊಂದಿಗೆ, ಮುಕ್ತ ಪರವಾನಗಿಯಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಇದೆ. ಕನ್ನಡ ವಿಕಿಪೀಡಿಯ 2003ರಿಂದ ಸಂಬಳವಿಲ್ಲದವರ ಕೈಯಲ್ಲಿ ನಡೆಯುತ್ತಿದೆ. ಒಬ್ಬ ಮನುಷ್ಯ ಒಂದು ನಿಘಂಟು ಕೊಡಬಹುದಾದರೆ ಒಂದು ಸಚಿವಾಲಯ ತನ್ನದೇ ಸುತ್ತೋಲೆ ಕೊಡಲಾರದೇ?

2021ರ ಜೂನ್ ನೆನಪಿರಬಹುದು. ಭಾರತದ ಅತ್ಯಂತ ಕುರೂಪಿ ಭಾಷೆ ಯಾವುದೆಂದು ಯಾರೋ ಇಂಗ್ಲಿಷಿನಲ್ಲಿ ಕೇಳಿದರೆ ಗೂಗಲ್ ಪೆಟ್ಟಿಗೆ ಕಟ್ಟಿ ‘ಕನ್ನಡ’ ಎಂದು ತೋರಿಸುತ್ತಿತ್ತು. ಆಗಿನ ಸಚಿವರು ಕಾನೂನು ಕ್ರಮ ಎಂದರು, ಗೂಗಲ್ ಕ್ಷಮೆ ಕೇಳಿ ತೆಗೆದುಹಾಕಿತು. (ಅದೇ ವಾರ ಅಮೆಜಾನಿನ ಕೆನಡಾ ಅಂಗಡಿಯಲ್ಲಿ ನಮ್ಮ ಬಾವುಟದ ಬಣ್ಣದ ಬಿಕಿನಿ. ಅದಕ್ಕೂ ಗದ್ದಲ, ಅದೂ ಮಾಯ.) ಗೂಗಲ್ಲಿಗೆ ಕನ್ನಡದ ಮೇಲೆ ಹಗೆಯೇನೂ ಇರಲಿಲ್ಲ. ಅಂಥ ದರಿದ್ರ ಪ್ರಶ್ನೆಗೆ ಉತ್ತರ ಬರೆದವರು ಜಗತ್ತಿನಲ್ಲಿ ಯಾರೂ ಇರಲಿಲ್ಲ, ಎಲ್ಲೋ ಒಂದು ಕಸದ ಜಾಲತಾಣ ಬಿಟ್ಟರೆ. ಖಾಲಿ ಗದ್ದೆಯಲ್ಲಿ ಕಳೆಯೇ ಬೆಳೆ. ಒಂದೊಂದು ಸಲವೂ ನಾವು ಕಳೆ ಕಿತ್ತು, ಫೋಟೋ ತೆಗೆಸಿಕೊಂಡು, ಗದ್ದೆಯನ್ನು ಮತ್ತೆ ಖಾಲಿ ಬಿಟ್ಟು ಬರುತ್ತಿದ್ದೇವೆ.

ಮೆಟಾ ಮಾಡಿದ್ದು ಸರಿ ಎಂದು ಇದರರ್ಥವಲ್ಲ. ಸಾವಿನ ಸುದ್ದಿಯನ್ನು ಗೊತ್ತಿಲ್ಲದ ಭಾಷೆಯಿಂದ ಅನುವಾದಿಸಿ, ಕೇಳದೆಯೇ ಜನರ ಮುಂದಿಡುವುದು ಬೇಜವಾಬ್ದಾರಿಯೇ. ಅದಕ್ಕೆ ಪತ್ರ ಬರೆದದ್ದೂ ಸರಿಯೇ. ಇನ್ನೊಂದು ಪತ್ರವನ್ನು ವಿಧಾನಸೌಧದಿಂದ, ಸರ್ಕಾರಿ ಇಲಾಖೆಗಳಿರುವ ಎಂ.ಎಸ್. ಬಿಲ್ಡಿಂಗಿಗೆ ಬರೆಯಿರಿ ಎನ್ನುತ್ತಿದ್ದೇವೆ, ಅಷ್ಟೇ. ದೂರವೂ ಕಡಿಮೆ.

ಆ ಪತ್ರದಲ್ಲಿ ಇರಬೇಕಾದದ್ದು ಹೆಚ್ಚೇನಿಲ್ಲ. ಒಂದು ದಿನಾಂಕ ಗೊತ್ತು ಮಾಡಿ: ಆ ದಿನದಿಂದ ಹಳೆಯ ಫಾಂಟಿನ ಕಡತ ಬಂದರೆ ಜಾಲತಾಣ ಅದನ್ನು ಏರಿಸಿಕೊಳ್ಳಲೇ ಕೂಡದು. ಫಾಂಟಿನ ಹೆಸರು ಪತ್ತೆ ಮಾಡುವುದು ಯಂತ್ರಕ್ಕೆ ಕಷ್ಟವಲ್ಲ, ‘ದಯವಿಟ್ಟು ಯೂನಿಕೋಡಿಗೆ ಬದಲಿಸಿ’ ಎಂದು ಹೇಳಿ ವಾಪಸ್ ಕಳಿಸಲಿ. ಸ್ಕ್ಯಾನ್ ಬಂದರೆ ಜೊತೆಗೆ ಮೂಲ ಪಠ್ಯ ಇದೆಯೇ ಎಂದು ಕೇಳಲಿ. ಸಹಿ ಇಲ್ಲದ ಆದೇಶ ನಡೆಯುತ್ತದೆಯೇ ಎಂದು ಯಾರಾದರೂ ತಗಾದೆ ತೆಗೆದರೆ 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ 5ನೇ ಪ್ರಕರಣ ತೋರಿಸಿ, ವಿದ್ಯುನ್ಮಾನ ಸಹಿಗೆ ಮಾನ್ಯತೆ ಇದೆ. 8ನೇ ಪ್ರಕರಣದಲ್ಲಿ ವಿದ್ಯುನ್ಮಾನ ರಾಜ್ಯಪತ್ರಕ್ಕೂ ಇದೆ. ಮಾಹಿತಿ ಹಕ್ಕು ಅಧಿನಿಯಮದ 4(4)ನೇ ಪ್ರಕರಣ ಸ್ಥಳೀಯ ಭಾಷೆಯನ್ನೂ ಪರಿಣಾಮಕಾರಿ ಪ್ರಸಾರ ವಿಧಾನವನ್ನೂ ಗಮನದಲ್ಲಿಡಲು ಹೇಳುತ್ತದೆ. ಹುಡುಕಿದರೆ ಸಿಗದ ಕನ್ನಡ ಯಾವ ಲೆಕ್ಕದಲ್ಲೂ ಪರಿಣಾಮಕಾರಿಯಲ್ಲ.

ಟೆಂಡರುಗಳಿಗೆ ಒಂದು ಪುಟದ ಸ್ವೀಕಾರ ಪರೀಕ್ಷೆ ಸೇರಿಸಿ. ಸಾಮರ್ಥ್ಯ, ಸರ್ಕಾರ, ಬೆಂಗಳೂರು, ರ‍್ಯಾಂಕ್, ಫೇಸ್‌ಬುಕ್, ಕೈಗೊಂಡ: ಈ ಆರು ಪದಗಳನ್ನು ಹಾಕಿ, ಹುಡುಕಿ, ನಕಲು ಮಾಡಿ, ಅಂಟಿಸಿ, ಅಕಾರಾದಿಯಲ್ಲಿ ಜೋಡಿಸಿ ತೋರಿಸದ ಹೊರತು ಗುತ್ತಿಗೆದಾರರ ಅಂತಿಮ ಕಂತು ಬಿಡುಗಡೆ ಮಾಡಬೇಡಿ. ಕೊನೆಯ ಕಂತಿನಷ್ಟು ಒಳ್ಳೆಯ ಕನ್ನಡ ಮೇಷ್ಟ್ರು ಇನ್ನೊಬ್ಬರಿಲ್ಲ.

ಹಳೆಯ ಕಡತಗಳಲ್ಲಿ ಎಲ್ಲವನ್ನೂ ಒಟ್ಟಿಗೆ ಹಿಡಿಯಬೇಡಿ. ಎರಡೂ ಭಾಷೆಯಲ್ಲಿ ಇರುವುದನ್ನು ಮೊದಲು ತೆಗೆಯಿರಿ: ಬಜೆಟ್ ಭಾಷಣಗಳು, ಅಧಿನಿಯಮಗಳು, ನಿಯಮಗಳು. ಆಮೇಲೆ ಸದನದ ನಡಾವಳಿ. ಕೊನೆಗೆ ಸುತ್ತೋಲೆ. ಹೊರಗೆ ಹಾಕುವಾಗ ‘ಎಲ್ಲ ಹಕ್ಕುಗಳನ್ನು ಕಾಯ್ದಿರಿಸಿದೆ’ ಎಂದು ಕೆಳಗೆ ಅಂಟಿಸುವ ಅಭ್ಯಾಸ ಬಿಡಿ. ಕೇಂದ್ರ ಸರ್ಕಾರ 2017ರಲ್ಲಿ ಹೊರಡಿಸಿದ ಮುಕ್ತ ದತ್ತಾಂಶ ಪರವಾನಗಿ ಸಿದ್ಧವಿದೆ, ಅದನ್ನೇ ಹಾಕಿ. ಆಗ ಮೆಟಾ ಮಾತ್ರವಲ್ಲ, ಭಾರತೀಯ ಭಾಷೆಗಳನ್ನು ಯಂತ್ರಕ್ಕೆ ಕಲಿಸುವ ಮದ್ರಾಸ್ ಐಐಟಿಯ ಎಐ4ಭಾರತ್ ತಂಡ, ಕೇಂದ್ರ ಸರ್ಕಾರದ ಅನುವಾದ ಯೋಜನೆ ಭಾಷಿಣಿ, ಹುಬ್ಬಳ್ಳಿಯ ಯಾವುದೋ ಕಾಲೇಜಿನ ಕೊನೆಯ ವರ್ಷದ ಹುಡುಗಿ, ಯಾರು ಬೇಕಾದರೂ ಅದನ್ನು ಹಿಡಿದು ಯಂತ್ರಕ್ಕೆ ಪಾಠ ಮಾಡಬಹುದು.

ಈ ಪತ್ರವನ್ನು ತಮ್ಮ ಕಚೇರಿಯಲ್ಲಿ ಮುದ್ರಿಸಿ, ಸ್ವೀಕೃತಿ ಮೊಹರು ಹಾಕಿ, ಸ್ಕ್ಯಾನ್ ಮಾಡಿ ಮುಂದಿನ ಮೇಜಿಗೆ ಕಳಿಸುವ ಸಾಧ್ಯತೆ ಇರುವುದರಿಂದ ಒಂದು ವಿನಂತಿ: ಮೊಹರನ್ನು ದಯವಿಟ್ಟು ವಿಷಯದ ಸಾಲಿನ ಮೇಲೆ ಹಾಕಬೇಡಿ.

ಇಂತಿ ತಮ್ಮ ವಿಶ್ವಾಸಿಗಳು,
ಕನ್ನಡದಲ್ಲಿ ಕಂಟ್ರೋಲ್ ಎಫ್ ಒತ್ತಿ ಕಾಯುತ್ತಿರುವವರು

ಲಗತ್ತು: ಇಲ್ಲ. ಪತ್ರ ಯೂನಿಕೋಡಿನಲ್ಲೇ ಇದೆ.